ದಿಲ್ಲಿ ಹತ್ತಿರ, ಪಕ್ಕದ ಹಳ್ಳಿ ದೂರ: ರೇಡಿಯೋ ಕಾಲದ ಊರ ಸುದ್ದಿ

1964ರ ಮೇ 27ರ ಮಧ್ಯಾಹ್ನ ದಿಲ್ಲಿಯಲ್ಲಿ ನೆಹರೂ ತೀರಿಕೊಂಡರು. ದೀಪ ಹಚ್ಚುವ ಹೊತ್ತಿಗೆ ರೇಡಿಯೋ ಇದ್ದ ಊರುಗಳಿಗೆಲ್ಲ ಸುದ್ದಿ ಮುಟ್ಟಿತ್ತು. ಅದೇ ವಾರ ಹತ್ತು ಮೈಲಿ ಆಚೆಯ ಹಳ್ಳಿಯಲ್ಲಿ ಒಂದು ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿದ್ದರೆ ಆ ಸುದ್ದಿ ಬರಬೇಕಾದದ್ದು ಸಂತೆಯ ದಿನ, ಅದೂ ಬಣವೆ ಹೋಗಿ ಮೂರು ಮನೆ ಸುಟ್ಟವೆಂದು ಬೆಳೆದುಕೊಂಡು. ದೂರದ್ದು ಬೇಗ, ಹತ್ತಿರದ್ದು ತಡ. ಕಳೆದ ಶತಮಾನದ ನಡುಗಾಲದಲ್ಲಿ ನಮ್ಮ ಸಣ್ಣ ಊರುಗಳು ಈ ತಲೆಕೆಳಗಾದ ಲೆಕ್ಕದಲ್ಲೇ ಬದುಕಿದವು. ಅದು ತಂತ್ರಜ್ಞಾನದ ಮಿತಿಯಿಂದ ಮಾತ್ರ ಆದದ್ದಲ್ಲ. ಕಾನೂನು, ಕಾಸು ಮತ್ತು ವಿದ್ಯುತ್ ಕಂಬ ಮೂರೂ ಸೇರಿ ಹಾಗೆ ಮಾಡಿದವು.

ಅದಕ್ಕೂ ಮುಂಚೆ ಊರಿನ ಸುದ್ದಿಗೆ ಊರಿನದೇ ವ್ಯವಸ್ಥೆ ಇತ್ತು. ಕಂದಾಯ ಕಟ್ಟುವ ಗಡುವು, ಜಾತ್ರೆಯ ದಿನ, ಕೆರೆಯ ನೀರು ಬಿಡುವ ಹೊತ್ತು, ಹರಾಜು, ಎಲ್ಲವನ್ನೂ ತಮಟೆ ಬಡಿದು ಬೀದಿಬೀದಿಯಲ್ಲಿ ಸಾರುತ್ತಿದ್ದರು. ಸಾರಿದ್ದು ಕೇಳಿಸಲಿಲ್ಲ ಎನ್ನುವ ನೆಪ ನಡೆಯುತ್ತಿರಲಿಲ್ಲ. ಯುಗಾದಿಯಂದು ಪಂಚಾಂಗ ಶ್ರವಣದಲ್ಲಿ ವರ್ಷದ ಮಳೆ ಬೆಳೆಯ ಸುದ್ದಿ ಮುಂಗಡವಾಗಿಯೇ ಸಿಗುತ್ತಿತ್ತು. ಉಳಿದದ್ದಕ್ಕೆ ಸಂತೆ, ಅಂಚೆಯವನು, ಕೊನೆಗೆ ಬಸ್ಸಿನ ಕಂಡಕ್ಟರ್. ಹೆಣ್ಣುಮಕ್ಕಳ ಸುದ್ದಿಜಾಲ ಬಾವಿಕಟ್ಟೆಯದು. ಅದರ ವೇಗವನ್ನು ಯಾವ ಟೆಲಿಗ್ರಾಂ ಕೂಡ ಮೀರಿರಲಿಕ್ಕಿಲ್ಲ.

ಮನರಂಜನೆಯೂ ಅಷ್ಟೇ, ಬಹುಪಾಲು ನಡೆದು ಬರುತ್ತಿತ್ತು. ಉಡುಪಿ, ಕುಂದಾಪುರದ ಕಡೆ ನವರಾತ್ರಿ ಬಂತೆಂದರೆ ಹೂವಿನಕೋಲಿನ ತಂಡಗಳು ಹೊರಡುತ್ತಿದ್ದವು. ಇಬ್ಬರು ಮೂವರು ಹುಡುಗರು, ಒಬ್ಬ ಭಾಗವತ, ಒಂದು ಮದ್ದಳೆ. ಹೂ ಕಟ್ಟಿದ ಕೋಲನ್ನು ಮುಂದಿಟ್ಟುಕೊಂಡು ಮನೆಯ ಚಾವಡಿಯಲ್ಲೇ ಕೂತು ಯಕ್ಷಗಾನದ ಒಂದು ಸಣ್ಣ ಪ್ರಸಂಗದ ಮಾತುಗಾರಿಕೆ ಮುಗಿಸಿ, ಮನೆಯವರನ್ನು ಹರಸಿ, ಅಕ್ಕಿ ತೆಂಗಿನಕಾಯಿ ಪಡೆದು ಮುಂದಿನ ಮನೆಗೆ. ವೇಷವಿಲ್ಲ, ರಂಗವಿಲ್ಲ. ಮನೆಯೊಳಗಿನ ಮನರಂಜನೆ ಎಂಬ ಮಾತಿಗೆ ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಗೊತ್ತಿಲ್ಲ. ಮಲೆನಾಡಿನಲ್ಲಿ ಮಳೆಗಾಲದ ರಾತ್ರಿಗೆ ತಾಳಮದ್ದಳೆ. ಬಯಲುಸೀಮೆಯ ಜಗಲಿಯಲ್ಲಿ ಕುಮಾರವ್ಯಾಸನ ಭಾರತ, ಒಬ್ಬರು ಹಾಡಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ತುಳುನಾಡಿನಲ್ಲಿ ಆಟಿ ತಿಂಗಳ ಜಡಿಮಳೆಗೆ ಚೆನ್ನೆಮಣೆ ಹೊರಬರುತ್ತಿತ್ತು. ಹಳೇ ಮೈಸೂರಿನ ಕಡೆ ಅದೇ ಅಳಗುಳಿಮಣೆ, ಹುಣಸೆಬೀಜ ಹಾಕಿ ಆಡುವುದು. ಸ್ಥಿತಿವಂತರ ಮನೆಯಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನ್ ಇರುತ್ತಿತ್ತು.

ಈ ಲೋಕದೊಳಗೆ ರೇಡಿಯೋ ಬಂದ ಬಗೆ ವಿಚಿತ್ರವಾದದ್ದು. ನಮ್ಮಲ್ಲಿ ಅದು ಮೊದಲು ಬಂದದ್ದು ಸರ್ಕಾರದಿಂದಲ್ಲ, ಒಬ್ಬ ಮೇಷ್ಟರ ಮನೆಯಿಂದ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಶುರುಮಾಡಿದರು. ದನಿಯನ್ನು ಗಾಳಿಗೆ ಬಿಡುವ ಅವರ ಪ್ರೇಷಕ ಯಂತ್ರದ ಶಕ್ತಿ 30 ವಾಟ್, ಅಂದಿನ ಒಂದು ವಿದ್ಯುತ್ ಬಲ್ಬಿನಷ್ಟು. ಆಮೇಲೆ ಅದು 250 ವಾಟ್ ಆಯಿತು. ಆ ನಿಲಯದ ಹೆಸರು 'ಆಕಾಶವಾಣಿ'. ಇಡೀ ದೇಶದ ರೇಡಿಯೋಗೆ ಆ ಹೆಸರು ಅಧಿಕೃತವಾಗಲು ಇನ್ನೂ ಎರಡು ದಶಕ ಬೇಕಿತ್ತು.

ಅಷ್ಟು ಕಡಿಮೆ ಶಕ್ತಿಯ ನಿಲಯ ತನ್ನ ಊರಿಗೆ ಹತ್ತಿರವಾಗಿರದೆ ಬೇರೆ ದಾರಿಯಿರಲಿಲ್ಲ. ಹಾಡುವವರು, ಓದುವವರು, ಕೇಳುವವರು ಹೆಚ್ಚುಕಡಿಮೆ ಒಂದೇ ಊರಿನವರು. ಇಂದು ನಾವು ಸಮುದಾಯ ರೇಡಿಯೋ ಎನ್ನುವುದು ಆ ಮನೆಯಲ್ಲಿ ಆಗಲೇ ನಡೆಯುತ್ತಿತ್ತು. 1940ರ ದಶಕದ ಆರಂಭದಲ್ಲಿ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಅದು ಅಖಿಲ ಭಾರತ ಜಾಲಕ್ಕೆ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡದ ನಿಲಯವೂ ಶುರುವಾಗಿತ್ತು. 1955ರ ನವೆಂಬರಿನಲ್ಲಿ ಮೈಸೂರಿನ ನಿಲಯ ಬೆಂಗಳೂರಿಗೆ ಹೋಯಿತು. ಹೆಚ್ಚು ಶಕ್ತಿಯ ಪ್ರೇಷಕ, ಹೆಚ್ಚು ದೂರ, ಹೆಚ್ಚು ಜನ. ಕಾರಣಗಳೆಲ್ಲ ಸರಿಯೇ. ಆದರೆ ಕನ್ನಡದ ರೇಡಿಯೋ ಹುಟ್ಟಿದ ಊರಿಗೇ ಆಮೇಲೆ 1974ರವರೆಗೆ ಸ್ವಂತ ನಿಲಯ ಇರಲಿಲ್ಲ. ದನಿ ದೊಡ್ಡದಾದಂತೆ ಊರು ಸಣ್ಣದಾಯಿತು.

ರಾಜ್ಯ ಏಕೀಕರಣವಾದಾಗ ಮೈಸೂರು ರಾಜ್ಯಕ್ಕೆ 19 ಜಿಲ್ಲೆ. ಕನ್ನಡ ವಾರ್ತೆ ಬರುತ್ತಿದ್ದುದು ದಿಲ್ಲಿಯಿಂದ. ದೇಶದಲ್ಲಿ ಪ್ರಾದೇಶಿಕ ವಾರ್ತೆಗಳು 1953ರಲ್ಲಿ ಲಖನೌ ಮತ್ತು ನಾಗಪುರದಿಂದ ಶುರುವಾಗಿ ಬೇರೆ ಕೇಂದ್ರಗಳಿಗೆ ಹಬ್ಬಿದವು. ನಮಗೂ ಬೆಂಗಳೂರಿನಿಂದ 'ಪ್ರದೇಶ ಸಮಾಚಾರ' ಸಿಕ್ಕಿತು. ಆದರೂ ಲೆಕ್ಕ ಹಾಕಿ ನೋಡಿ. ಹತ್ತು ನಿಮಿಷದ ವಾರ್ತೆಯನ್ನು ಸಮನಾಗಿ ಹಂಚಿದರೆ ಜಿಲ್ಲೆಗೆ ಅರ್ಧ ನಿಮಿಷ, ತಾಲೂಕಿಗೆ ಒಂದು ಉಸಿರು. ಮಂತ್ರಿಗಳ ಭಾಷಣ, ವಿಧಾನಮಂಡಲದ ಕಲಾಪ ಬಂದರೆ ಆ ಉಸಿರೂ ಇಲ್ಲ. ಸಣ್ಣ ಊರಿನವರಿಗೆ ರೇಡಿಯೋದಲ್ಲಿ ನಿಜಕ್ಕೂ ತಮ್ಮದು ಎನ್ನಿಸುವಂಥದ್ದು ಎರಡೇ: ಜಲಾಶಯಗಳ ನೀರಿನ ಮಟ್ಟ ಮತ್ತು ಪೇಟೆ ಧಾರಣೆ. ಅಡಿಕೆ ಬೆಳೆಗಾರರ ಮನೆಯಲ್ಲಿ ಧಾರಣೆ ಓದುವ ಹೊತ್ತಿಗೆ ಮಕ್ಕಳು ಕೆಮ್ಮುವಂತಿರಲಿಲ್ಲ.

ರೇಡಿಯೋ ಎಲ್ಲರ ಮನೆಗೂ ಬಂತು ಎಂದುಕೊಳ್ಳುವುದೂ ತಪ್ಪು. ಅದು ಮೊದಲು ಬಂದದ್ದು ಪಂಚಾಯಿತಿ ಕಟ್ಟಡಕ್ಕೆ. ಸರ್ಕಾರ ರಿಯಾಯಿತಿಯಲ್ಲಿ ಕೊಟ್ಟ ಪೆಟ್ಟಿಗೆ, ಚಾವಣಿಯ ಮೇಲೊಂದು ಧ್ವನಿವರ್ಧಕ, ಬೀಗದ ಕೈ ಒಬ್ಬರ ಸೊಂಟದಲ್ಲಿ. ಸಂಜೆ ಗ್ರಾಮಸ್ಥರ ಕಾರ್ಯಕ್ರಮದ ಹೊತ್ತಿಗೆ ಕಟ್ಟೆಯ ಮೇಲೆ ಜನ ಸೇರುತ್ತಿದ್ದರು. ಬೆಂಗಳೂರು ಕೇಂದ್ರದಲ್ಲಿ ಎ.ಎಸ್. ಮೂರ್ತಿಯವರು 'ಈರಣ್ಣ' ಆಗಿ ಮನೆಮಾತಾದದ್ದು ಇಂಥ ಕಾರ್ಯಕ್ರಮಗಳಿಂದಲೇ. ಹಳ್ಳಿಯ ಮಾತಿನ ಲಯ ಗೊತ್ತಿದ್ದವರು ಮೈಕಿನ ಮುಂದೆ ಕೂತಾಗ ಗೊಬ್ಬರದ ಪಾಠವನ್ನೂ ಜನ ನಗುನಗುತ್ತ ಕೇಳಿದರು. ಕೇಳುಗರು ರೇಡಿಯೋಗೆ ಮರುಮಾತಾಡುವುದಕ್ಕೂ ಒಂದು ಪ್ರಯತ್ನ ನಡೆಯಿತು. 1956ರಲ್ಲಿ ಪುಣೆ ಕೇಂದ್ರದಿಂದ ಮರಾಠಿ ಸೀಮೆಯ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ರೇಡಿಯೋ ಗ್ರಾಮೀಣ ವೇದಿಕೆಗಳನ್ನು ನಡೆಸಿದರು: ಒಟ್ಟಿಗೆ ಕೂತು ಕೇಳುವುದು, ಚರ್ಚಿಸುವುದು, ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವುದು. ಫಲ ಚೆನ್ನಾಗಿ ಬಂದುದರಿಂದ 1959ರಲ್ಲಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿದರು. ಆದರೆ ಪೆಟ್ಟಿಗೆ ಕೆಟ್ಟರೆ ರಿಪೇರಿ ಮಾಡುವವರು ಬೇಕಲ್ಲ? ಬ್ಯಾಟರಿ ಮುಗಿದು ತಿಂಗಳುಗಟ್ಟಲೆ ಮೌನವಾಗಿರುತ್ತಿದ್ದ ಪಂಚಾಯಿತಿ ರೇಡಿಯೋಗಳ ಕಥೆ ಪ್ರತಿ ಹೋಬಳಿಗೂ ಒಂದಿದೆ.

ಮನೆಯಲ್ಲಿ ರೇಡಿಯೋ ಇಡುವುದಕ್ಕೆ ಲೈಸೆನ್ಸ್ ಬೇಕಿತ್ತು. 1933ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಸೆಟ್ ಇಟ್ಟುಕೊಳ್ಳುವುದೇ ಅಪರಾಧ. ಅಂಚೆ ಕಚೇರಿ ಒಂದು ಪುಟ್ಟ ಪುಸ್ತಕ ಕೊಡುತ್ತಿತ್ತು. ವರ್ಷಕ್ಕೊಮ್ಮೆ ಹಣ ಕಟ್ಟಿ ಅದಕ್ಕೆ ಸ್ಟಾಂಪು ಹಚ್ಚಿಸಿ ಮುದ್ರೆ ಹಾಕಿಸಬೇಕು. 1960ರ ದಶಕದಲ್ಲಿ ಮನೆಯ ಸೆಟ್ಟಿಗೆ 15 ರೂಪಾಯಿ. ಇನ್ಸ್‌ಪೆಕ್ಟರ್ ಬರುತ್ತಾನೆಂಬ ಗುಲ್ಲೆದ್ದರೆ ಏರಿಯಲ್ ಇಳಿಸಿ ಪೆಟ್ಟಿಗೆಯನ್ನು ಅಕ್ಕಿ ಕಣಜದ ಹಿಂದೆ ಸರಿಸಿದವರೂ ಇದ್ದರು. ಈ ಲೈಸೆನ್ಸ್ ಪೂರ್ತಿ ರದ್ದಾದದ್ದು 1980ರ ದಶಕದ ನಡುವೆ.

ಮನೆಗೆ ಬಂದ ರೇಡಿಯೋ ನಡುಮನೆಯ ಗೋಡೆಯಲ್ಲಿ ಎತ್ತರದ ಮರದ ಹಲಗೆಯ ಮೇಲೆ, ದೇವರ ಪಟದಷ್ಟೇ ಎತ್ತರದಲ್ಲಿ ಕೂರುತ್ತಿತ್ತು. ಮರ್ಫಿ, ಫಿಲಿಪ್ಸ್, ಬುಷ್. ಮೇಲೆ ಕ್ರೋಶಾ ಹೆಣಿಗೆಯ ಹೊದಿಕೆ. ಮಾಡಿನ ಮೇಲೆ ಎರಡು ಬಿದಿರಿನ ಗಳುಗಳ ನಡುವೆ ತಾಮ್ರದ ಜಾಲರಿಯ ಏರಿಯಲ್, ಅದರ ಮೇಲೆ ಸಾಲಾಗಿ ಕೂತ ಗುಬ್ಬಿಗಳು. ಗುಂಡಿ ತಿರುಗಿಸಿದ ಮೇಲೆ ವಾಲ್ವು ಬಿಸಿಯಾಗುವವರೆಗೆ ಕಾಯಬೇಕು. ಕೆಲವು ಸೆಟ್ಟುಗಳಲ್ಲಿ ಒಂದು ಹಸಿರು ಕಣ್ಣು ನಿಧಾನ ತೆರೆಯುತ್ತಿತ್ತು. ಕರೆಂಟು ಇಲ್ಲದ ಊರುಗಳಲ್ಲಿ ದೊಡ್ಡ ಬ್ಯಾಟರಿಯೇ ಗತಿ. ಅದು ದುಬಾರಿ. ಹಾಗಾಗಿ ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎನ್ನುವುದು ಯಜಮಾನನ ತೀರ್ಮಾನ. ವಾರ್ತೆ ಆಗಬಹುದು, ಸಂಗೀತ ಕಚೇರಿ ಆಗಬಹುದು, ಸಿನಿಮಾ ಹಾಡು ಬೇಡ.

ಸಿನಿಮಾ ಹಾಡಿನ ಬಗ್ಗೆ ಸರ್ಕಾರದ ಅಭಿಪ್ರಾಯವೂ ಹೆಚ್ಚುಕಡಿಮೆ ಯಜಮಾನನದೇ. 1952ರಿಂದ ಹತ್ತು ವರ್ಷ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ಪಕ್ಷಪಾತಿ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುತೇಕ ಮಾಯವಾದವು. ಜನ ಸುಮ್ಮನಿರಲಿಲ್ಲ, ಮುಳ್ಳನ್ನು ಶ್ರೀಲಂಕಾದ ರೇಡಿಯೋ ಸಿಲೋನಿಗೆ ತಿರುಗಿಸಿದರು. ಅಮೀನ್ ಸಯಾನಿ ನಡೆಸಿಕೊಡುತ್ತಿದ್ದ ಹಿಂದಿ ಚಿತ್ರಗೀತೆಗಳ 'ಬಿನಾಕಾ ಗೀತಮಾಲಾ' ಬುಧವಾರದ ರಾತ್ರಿಯನ್ನು ತನ್ನದಾಗಿಸಿಕೊಂಡಿತು; ಅದೇ ಸಿಲೋನಿನಲ್ಲಿ ಕನ್ನಡ ಚಿತ್ರಗೀತೆಗಳೂ ಕೇಳಿಬರುತ್ತಿದ್ದವು. ಹಿಂದಿ ಬಾರದ ಮಲೆನಾಡಿನ ಹೆಂಗಸರ ಬಾಯಲ್ಲೂ ಗೀತಮಾಲಾದ ಹಾಡುಗಳಿದ್ದವು. ಕೊನೆಗೆ 1957ರ ಅಕ್ಟೋಬರಿನಲ್ಲಿ ಸರ್ಕಾರವೇ ವಿವಿಧ ಭಾರತಿ ಆರಂಭಿಸಬೇಕಾಯಿತು. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಹಬ್ಬಿದ ಮೇಲಂತೂ ರೇಡಿಯೋ ಹಲಗೆಯಿಂದಿಳಿದು ಅಡುಗೆಮನೆಗೆ, ಗದ್ದೆಯ ಬದುವಿಗೆ ಹೋಯಿತು. ಯಜಮಾನನ ಅಧಿಕಾರ ಅಲ್ಲಿಗೆ ಮುಗಿಯಿತು.

ಹಾಡು ಗೆದ್ದಿತು, ಊರ ಸುದ್ದಿ ಗೆಲ್ಲಲಿಲ್ಲ. ಸಿಲೋನ್ ಹಾಡು ಹಾಕಬಹುದು. ಸಾಗರದ ಸಂತೆಯಲ್ಲಿ ಏನಾಯಿತೆಂದು ಅದು ಹೇಳಲಾರದು. ಆ ಕೆಲಸ ಅಚ್ಚಿನ ಮೊಳೆ ಜೋಡಿಸುವ ಪತ್ರಿಕೆಯವರ ಪಾಲಿಗೆ ಉಳಿಯಿತು. 1948ರಲ್ಲಿ ಶುರುವಾದ 'ಪ್ರಜಾವಾಣಿ'ಯಂಥ ರಾಜ್ಯಮಟ್ಟದ ಪತ್ರಿಕೆಗಳು ಬಸ್ಸಿನಲ್ಲೋ ರೈಲಿನಲ್ಲೋ ಬರುತ್ತಿದ್ದವು, ದೂರದ ತಾಲೂಕುಗಳಿಗೆ ಮಧ್ಯಾಹ್ನವೋ ಮರುದಿನವೋ. ಎಸ್ಸೆಸ್ಸೆಲ್ಸಿ ಫಲಿತಾಂಶದ ನಂಬರುಗಳು ಅಚ್ಚಾಗುವ ದಿನ ಬಸ್ ನಿಲ್ದಾಣದಲ್ಲೇ ಜನ ಕಟ್ಟು ಬಿಚ್ಚುತ್ತಿದ್ದರು. ತಾಲೂಕಿನ ಬಾತ್ಮೀದಾರರು ಹೆಚ್ಚಿನಂಶ ಶಾಲಾ ಮಾಸ್ತರರೋ ವಕೀಲರೋ ಪುಸ್ತಕದಂಗಡಿಯವರೋ ಆಗಿರುತ್ತಿದ್ದರು. ಬರೆದ ಸುದ್ದಿಯನ್ನು ಲಕೋಟೆಯಲ್ಲಿಟ್ಟು ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಮುಗಿಯಿತು. ತೀರಾ ದೊಡ್ಡದಾದರೆ ಮಾತ್ರ ತಂತಿ.

ನಿಜವಾದ ಊರ ಪತ್ರಿಕೆ ಹುಟ್ಟಿದ್ದು ಮುದ್ರಣಾಲಯಗಳ ಹಿಂಬದಿಯಲ್ಲಿ. ಮದುವೆಯ ಕರೆಯೋಲೆ, ನಾಟಕದ ಕರಪತ್ರ, ಬಿಲ್ ಬುಕ್ ಅಚ್ಚು ಹಾಕಿ ಬದುಕುವ, ಕಾಲಲ್ಲಿ ತುಳಿಯುವ ಟ್ರೆಡಲ್ ಮಿಷನ್ನಿನ ಮಾಲೀಕ ಬಿಡುವಿನಲ್ಲಿ ನಾಲ್ಕು ಪುಟದ ವಾರಪತ್ರಿಕೆ ತರುತ್ತಿದ್ದ. ತಹಶೀಲ್ದಾರರ ವರ್ಗಾವಣೆ, ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ, ಕೋರ್ಟಿನ ನೋಟಿಸು, ಭಜನಾ ಸಪ್ತಾಹ, ಕಳೆದುಹೋದ ಎಮ್ಮೆ. ಪತ್ರಿಕೆಗೆ ಅಂಚೆಯ ರಿಯಾಯಿತಿ ದರ ಇದ್ದುದರಿಂದ ಚಂದಾದಾರರಿಗೆ ಕಳಿಸುವುದು ಅಗ್ಗ. ಸುದ್ದಿ ಹಳತಾಗಿರುತ್ತಿತ್ತು, ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಆದರೂ ಅಚ್ಚಿನಲ್ಲಿ ಹೆಸರು ನೋಡುವ ಸುಖ ಬೇರೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಕೊಡಗು. 1956ರ ನವೆಂಬರ್ 1ರವರೆಗೆ ಅದು ತನ್ನದೇ ಶಾಸನಸಭೆಯಿದ್ದ ಪುಟ್ಟ ರಾಜ್ಯ. ವಿಲೀನದ ಬಳಿಕ 19ರಲ್ಲಿ ಒಂದು ಜಿಲ್ಲೆ. ಮರುವರ್ಷವೇ, 1957ರಲ್ಲಿ, ಮಡಿಕೇರಿಯಿಂದ ಬಿ.ಎಸ್. ಗೋಪಾಲಕೃಷ್ಣ ಅವರ 'ಶಕ್ತಿ' ದಿನಪತ್ರಿಕೆ ಹೊರಟಿತು. ಇಷ್ಟು ಸಣ್ಣ ಗುಡ್ಡಗಾಡು ಜಿಲ್ಲೆಯಲ್ಲಿ ದಿನಪತ್ರಿಕೆ ನಡೆಯುತ್ತದೆಂದು ಲೆಕ್ಕಪತ್ರ ನೋಡುವ ಯಾರೂ ಹೇಳುತ್ತಿರಲಿಲ್ಲ. ಅದು ಇಂದಿಗೂ ಬರುತ್ತಿದೆ. ಕರಾವಳಿಯಲ್ಲಿ 1941ರಿಂದ 'ನವಭಾರತ' ಇತ್ತು. 1971ರ ಜನವರಿಯಲ್ಲಿ ಮಣಿಪಾಲದಿಂದ 'ಉದಯವಾಣಿ' ಬಂದು ಹಳ್ಳಿಯ ಸುದ್ದಿಗೆ ನಗರದ ಸುದ್ದಿಯಷ್ಟೇ ಮಾನ ಕೊಟ್ಟಿತು. ಅಲ್ಲಿ ಪತ್ರಿಕೆ ಎಂದರೆ ಮೊದಲು ತಮ್ಮೂರ ಹೆಸರು ಹುಡುಕುವುದು.

ಟೀವಿ ಬಂದಾಗ ಅದೇ ಕಥೆ ಮೊದಲಿನಿಂದ ನಡೆಯಿತು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದರು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಮತ್ತೆ ಸಾರ್ವಜನಿಕ ಪೆಟ್ಟಿಗೆ, ಮತ್ತೆ ಕಟ್ಟೆಯ ಮೇಲೆ ಜನ. ವರ್ಷ ಮುಗಿಯಿತು, ಉಪಗ್ರಹ ಹೋಯಿತು.

ಆಕಾಶವಾಣಿಗೆ ಊರಿನ ನೆನಪಾದದ್ದು 1984ರಲ್ಲಿ. ತಮಿಳುನಾಡಿನ ನಾಗರಕೋಯಿಲಿನಲ್ಲಿ ಮೊದಲ ಸ್ಥಳೀಯ ನಿಲಯ. ಮುಂದಿನ ವರ್ಷಗಳಲ್ಲಿ ನಮ್ಮ ಹಾಸನ, ಚಿತ್ರದುರ್ಗ, ಮಡಿಕೇರಿ ಮುಂತಾದ ಕಡೆ. 1995ರಲ್ಲಿ ಸುಪ್ರೀಂ ಕೋರ್ಟ್ ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದಿತು. ಆದರೂ ಹಳ್ಳಿಯವರಿಗೆ ಪ್ರಸಾರದ ಲೈಸೆನ್ಸ್ ಸಿಗಲಿಲ್ಲ. ಆಗ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ರೇಡಿಯೋ ಒಂದು ಉಪಾಯ ಮಾಡಿತು. ಗಾಳಿಯಲ್ಲಿ ಪ್ರಸಾರಕ್ಕೆ ತಾನೇ ಅಡ್ಡಿ? ಊರಿನ ಸ್ಟುಡಿಯೋದಲ್ಲಿ ಊರಿನವರೇ ಮಾಡಿದ ಕಾರ್ಯಕ್ರಮವನ್ನು ಕೇಬಲ್ ತಂತಿಯಲ್ಲಿ ಮನೆಮನೆಯ ಟೀವಿಗೆ ಕಳಿಸಿದರು. ಮೈಸೂರಿನ ಮೇಷ್ಟರು ಗಾಳಿಯಲ್ಲಿ ಸಲೀಸಾಗಿ ಮಾಡಿದ್ದನ್ನು ಆರೂವರೆ ದಶಕದ ನಂತರ ತಂತಿ ಎಳೆದು ಮಾಡಬೇಕಾಯಿತು. ಸಮುದಾಯ ಸಂಸ್ಥೆಗಳಿಗೆ ರೇಡಿಯೋದ ಬಾಗಿಲು ತೆರೆದದ್ದು 2006ರ ನೀತಿ.

ಬಾಗಿಲು ತೆರೆಯಿತು, ಚಿಲಕ ಒಂದು ಉಳಿಯಿತು. ಖಾಸಗಿ ಎಫ್‌ಎಂ ಆಗಲಿ ಸಮುದಾಯ ರೇಡಿಯೋ ಆಗಲಿ ಸ್ವಂತ ವಾರ್ತೆ ಓದುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು. ಹವಾಮಾನ, ಪರೀಕ್ಷೆಯ ವಿವರ, ನೀರು ಕರೆಂಟಿನ ಮಾಹಿತಿಯಂಥವು ಸುದ್ದಿಯಲ್ಲ ಎಂದು ವಿನಾಯಿತಿ ಇದೆ. ಹೀಗಾಗಿ ಇಂದಿಗೂ ಒಂದು ಊರಿನ ಸಮುದಾಯ ರೇಡಿಯೋ ದಿಲ್ಲಿಯ ಸಂಪುಟ ಪುನಾರಚನೆಯನ್ನು ಆಕಾಶವಾಣಿಯ ದನಿಯಲ್ಲಿ ಕೇಳಿಸಬಹುದು, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದೂ ಹೇಳಬಹುದು. ತನ್ನದೇ ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲಿ ಯಾರು ಗೆದ್ದರು ಎಂದು ಸುದ್ದಿ ಓದುವಂತಿಲ್ಲ.