ಕಂಬಗಳ ನಡುವಿನ ಜಾಗ

ಹಳೆಯ ಕೈಸಾಲೆಯ, ಅಂದರೆ ಬದಿ ತೆರೆದ ಕಂಬಸಾಲಿನ ಹಾದಿಯ ಮುಂದೆ ನಿಂತವರ ಕಣ್ಣು ಮೊದಲು ಹೋಗುವುದು ಕಂಬದ ಮೇಲಿನ ಬೋದಿಗೆಗೆ, ಅದರ ಕೆತ್ತನೆಗೆ. ಪಾರಂಪರಿಕ ಕಟ್ಟಡಗಳ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡ ನಾನು ಮೊದಲು ಅಳೆಯುವುದು ಎರಡು ಕಂಬಗಳ ನಡುವಿನ ಖಾಲಿ ಜಾಗವನ್ನು. ಕಟ್ಟಿದವರ ಬಳಿ ಯಾವ ಸಾಮಗ್ರಿ ಇತ್ತು, ಅಲ್ಲಿ ಯಾರು ಓಡಾಡಬೇಕಿತ್ತು, ಮುಂದೆ ಬಿರುಕು ಎಲ್ಲಿ ಕಾಣಿಸಿಕೊಳ್ಳಬಹುದು ಎಂಬುದನ್ನೆಲ್ಲ ಆ ಅಂತರವೇ ಹೇಳಿಬಿಡುತ್ತದೆ.

ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಎರಡು ಕಂಬಗಳ ಮೇಲೆ ಕೂರಿಸಿದ ಕಲ್ಲಿನ ತೊಲೆ ಭಾರಕ್ಕೆ ಕೂದಲೆಳೆಯಷ್ಟು ಬಾಗಿದರೂ ಅದರ ತಳಭಾಗ ಎಳೆತಕ್ಕೆ ಸಿಗುತ್ತದೆ. ಬಿರುಕು ಹುಟ್ಟುವುದು ಅಲ್ಲೇ, ಬಹುಮಟ್ಟಿಗೆ ನಟ್ಟನಡುವೆ. ಆದ್ದರಿಂದ ಕಲ್ಲಿನ ತೊಲೆ ಇದ್ದಲ್ಲಿ ಕಂಬಗಳು ಒತ್ತೊತ್ತಾಗಿ ನಿಲ್ಲಲೇಬೇಕು. ಕ್ರಿ.ಪೂ. ಮೊದಲ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಈ ಅಂತರವನ್ನು ಕಂಬದ ದಪ್ಪದ ಲೆಕ್ಕದಲ್ಲಿ ಐದು ಬಗೆಯಾಗಿ ವಿಂಗಡಿಸಿದ್ದಾನೆ. ದಪ್ಪದ ಮೂರು ಪಟ್ಟು ಜಾಗ ಬಿಟ್ಟರೆ ತೊಲೆ ಮುರಿಯುತ್ತದೆ. ಒಂದೂವರೆ, ಎರಡು ಪಟ್ಟಿಗೆ ಇಳಿಸಿದರೆ ಹೆಂಗಸರು ತೋಳು ಹಿಡಿದುಕೊಂಡು ಜೊತೆಯಾಗಿ ದಾಟಲು ಆಗುವುದಿಲ್ಲ ಎನ್ನುತ್ತಾನೆ. ಅವನು ಮೆಚ್ಚಿದ್ದು ಎರಡೂಕಾಲು ಪಟ್ಟನ್ನು. ಕಲ್ಲಿನ ತಾಳಿಕೆಯನ್ನೂ ನಡೆಯುವವರ ಅನುಕೂಲವನ್ನೂ ಒಂದೇ ಅಳತೆಯಲ್ಲಿ ಹಿಡಿದ ಈ ಲೆಕ್ಕದ ಬಗ್ಗೆ ನನಗೆ ತುಂಬ ಗೌರವವಿದೆ.

ಇದನ್ನು ಕಣ್ಣಾರೆ ಕಾಣಬೇಕಾದರೆ ಅಥೆನ್ಸ್‌ನಲ್ಲಿರುವ ಅಟಾಲಸ್‌ನ ಸ್ಟೋವಾ, ಅಂದರೆ ಗ್ರೀಕರ ಉದ್ದನೆಯ ಕೈಸಾಲೆ ನೋಡಬೇಕು. ಪೆರ್ಗಮಾನ್‌ನ ದೊರೆ ಎರಡನೆಯ ಅಟಾಲಸ್ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಕಟ್ಟಿಸಿಕೊಟ್ಟದ್ದು. ಈಗ ನಿಂತಿರುವುದು 1952ರಿಂದ 1956ರವರೆಗೆ ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದು. ಉದ್ದ ಸುಮಾರು 116 ಮೀಟರ್. ಎರಡು ಅಂತಸ್ತು, ಹಿಂಬದಿಯಲ್ಲಿ ಅಂಗಡಿಗಳ ಸಾಲು. ನೆಲ ಅಂತಸ್ತಿನ ಹೊರಸಾಲಿನಲ್ಲಿ 45 ಕಂಬಗಳಿದ್ದರೆ ಒಳಸಾಲಿನಲ್ಲಿ ಇರುವುದು 22 ಮಾತ್ರ. ಒಳಗೆ ಅಂತರ ಎರಡರಷ್ಟಾದ್ದರಿಂದ ಜನ ಅಡ್ಡಿಯಿಲ್ಲದೆ ಸುತ್ತಾಡಬಹುದಿತ್ತು. ಹೊರಸಾಲಿನಲ್ಲಿ ಡೋರಿಕ್ ಎಂಬ ಗ್ರೀಕ್ ಶೈಲಿಯ ಕಂಬಗಳನ್ನು ಹತ್ತಿರದಿಂದ ನೋಡಿ: ಮೇಲ್ಭಾಗದಲ್ಲಿ ಉದ್ದಕ್ಕೂ ಕೊರೆದ ಕಾಲುವೆಗಳಿವೆ, ಕೆಳಭಾಗದಲ್ಲಿ ಇಲ್ಲ. ಡೋರಿಕ್ ಕಾಲುವೆಗಳ ನಡುವಿನ ಏಣು ಚೂಪಾಗಿರುತ್ತದೆ. ಹೊರೆ ಹೊತ್ತವರು ತಾಕಿಸಿಕೊಂಡು ಹೋಗುವ ಎತ್ತರದಲ್ಲಿ ಅದು ಬೇಗ ಮುಕ್ಕಾಗುತ್ತದೆ ಎಂಬುದು ಆ ಶಿಲ್ಪಿಗಳಿಗೆ ಗೊತ್ತಿತ್ತು.

ಕಮಾನು ಬಂದ ಮೇಲೆ ಅಂತರ ಹಿಗ್ಗಿತು, ಆದರೆ ಹೊಸ ತೊಂದರೆಯೂ ಬಂತು. ಕಮಾನು ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ತಳ್ಳುತ್ತದೆ. ತೆಳ್ಳಗಿನ ಕಂಬ ನೇರ ಭಾರವನ್ನು ಸಲೀಸಾಗಿ ಹೊರುತ್ತದೆ. ಪಕ್ಕದ ತಳ್ಳುವಿಕೆಗೆ ಅದು ವಾಲಿಬಿಡುತ್ತದೆ. ಇಟಲಿಯ ಫ್ಲಾರೆನ್ಸ್‌ನ ಅನಾಥ ಶಿಶುಗಳ ಆಶ್ರಯಧಾಮಕ್ಕೆ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ 1419ರಲ್ಲಿ ಮುಂಬದಿಯ ಕೈಸಾಲೆ ಶುರುಮಾಡಿದಾಗ ಕಂಬದ ಎತ್ತರ, ಕಂಬದಿಂದ ಕಂಬಕ್ಕೆ ಇರುವ ದೂರ, ಗೋಡೆಯವರೆಗಿನ ಆಳ ಮೂರನ್ನೂ ಒಂದೇ ಅಳತೆಗೆ ತಂದ. ನೋಡಿದವರಿಗೆ ಎಲ್ಲವೂ ಹಗುರವೆನಿಸುತ್ತದೆ. ಆ ಹಗುರತನದ ಬೆಲೆ ಕಮಾನುಗಳಿಗೆ ಅಡ್ಡಲಾಗಿ ಬಿಗಿದ ಕಬ್ಬಿಣದ ಸರಳುಗಳು. ಇಂಥ ಸರಳುಗಳು ಅಂದಗೆಡಿಸುತ್ತವೆ, ಕತ್ತರಿಸಿ ತೆಗೆಸಿ ಎಂದು ಕೇಳುವ ಮಾಲೀಕರು ಇದ್ದಾರೆ. ಅಂಥ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ.

ಅಂತರದ ಲೆಕ್ಕಕ್ಕೆ ನನ್ನ ಅಚ್ಚುಮೆಚ್ಚಿನ ಪಾಠ ಇಟಲಿಯ ವಿಚೆಂಜಾ ಊರಿನದು. ಅಲ್ಲಿನ ಹಳೆಯ ಸಭಾಭವನದ ಸುತ್ತ ಹದಿನೈದನೆಯ ಶತಮಾನದಲ್ಲಿ ಕಟ್ಟಿದ ಕೈಸಾಲೆಯ ಒಂದು ಮೂಲೆ 1496ರಲ್ಲಿ ಕುಸಿಯಿತು. ಅದನ್ನು ಹೊಸದಾಗಿ ಕಟ್ಟಲು ವಾಸ್ತುಶಿಲ್ಪಿ ಪಲ್ಲಾಡಿಯೊನ ನಕ್ಷೆಗೆ 1549ರಲ್ಲಿ ಒಪ್ಪಿಗೆ ಸಿಕ್ಕಿತು. ಒಳಗಿನ ಹಳೆಯ ಕಟ್ಟಡದ ಅಂಕಣಗಳು ಒಂದೇ ಅಗಲದವಲ್ಲ, ಮೂಲೆಗಳಂತೂ ಬಹಳ ಇಕ್ಕಟ್ಟು. ಕಮಾನುಗಳನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿದ್ದರೆ ಇಡೀ ಮುಖ ಸೊಟ್ಟಗೆ ಕಾಣುತ್ತಿತ್ತು. ಅವನು ಎಲ್ಲ ಕಮಾನುಗಳನ್ನೂ ಒಂದೇ ಅಗಲದಲ್ಲಿ ಇಟ್ಟು, ಪ್ರತಿಯೊಂದರ ಎಡಬಲಕ್ಕೆ ಪುಟ್ಟ ಕಂಬಗಳ ಆಚೆ ಕಿರಿದಾದ ತೆರಪು ಬಿಟ್ಟ. ಅಗಲದ ಹೆಚ್ಚುಕಡಿಮೆಯನ್ನೆಲ್ಲ ಆ ತೆರಪುಗಳೇ ನುಂಗಿಕೊಳ್ಳುತ್ತವೆ. ಮೂಲೆಗೆ ಬಂದಾಗ ಅವು ಸಣ್ಣ ಸೀಳಿನಂತಾಗುತ್ತವೆ. ಚೌಕದಲ್ಲಿ ನಿಂತವರಿಗೆ ಈ ಏರುಪೇರು ಗೊತ್ತೇ ಆಗುವುದಿಲ್ಲ. 1580ರಲ್ಲಿ ಅವನು ತೀರಿಕೊಂಡಾಗಲೂ ಕೆಲಸ ಮುಗಿದಿರಲಿಲ್ಲ.

ಇನ್ನು ಮಳೆ ಮತ್ತು ಬಿಸಿಲು. ಸೂರು ನಾಲ್ಕು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಸೂರ್ಯ ಎದುರಿಗೆ 60 ಡಿಗ್ರಿ ಎತ್ತರದಲ್ಲಿದ್ದರೆ ಬಿಸಿಲು ನೆಲದ ಮೇಲೆ ಸುಮಾರು 2.3 ಮೀಟರ್ ಒಳಬರುತ್ತದೆ; 30 ಡಿಗ್ರಿಗೆ ಇಳಿದರೆ ಸುಮಾರು ಏಳು ಮೀಟರ್. ಗಾಳಿಗೆ ಮಳೆ 45 ಡಿಗ್ರಿ ಓರೆಯಾದರೆ ನಾಲ್ಕು ಮೀಟರ್ ಒಳಗಿನವರೆಗೂ ಎರಚಲು ಹೊಡೆಯುತ್ತದೆ. ಅಂದರೆ ಎತ್ತರ ಹೆಚ್ಚಿದಷ್ಟೂ ಆಳವೂ ಹೆಚ್ಚಬೇಕು, ಇಲ್ಲವೇ ಸೂರನ್ನು ಇಳಿಸಬೇಕು. ಇರಾನಿನ ಇಸ್ಫಹಾನ್‌ನ ಚೆಹೆಲ್ ಸೊತೂನ್ ಅರಮನೆಯ ಮುಂದೆ 20 ಮರದ ಕಂಬಗಳು ಅಷ್ಟು ಎತ್ತರಕ್ಕೆ ನಿಲ್ಲಲು ಸಾಧ್ಯವಾದದ್ದು ಅಲ್ಲಿ ಮಳೆ ಕಡಿಮೆ ಎಂಬುದರಿಂದಲೂ ಹೌದು. ಬೀಜಿಂಗ್‌ನ ಬೇಸಿಗೆ ಅರಮನೆಯ 728 ಮೀಟರ್ ಉದ್ದದ ಮೊಗಸಾಲೆ ಎರಡೂ ಬದಿಗೆ ತೆರೆದದ್ದು. ಅಲ್ಲಿ ಸೂರು ತಗ್ಗು, ಬಣ್ಣದ ಚಿತ್ರಗಳೆಲ್ಲ ಮೇಲಿನ ತೊಲೆಗಳ ಮೇಲೆ.

ಕೈಸಾಲೆಗೆ ಪಕ್ಕದ ಎರಚಲಿಗಿಂತ ಮೇಲಿಂದ ಇಳಿಯುವ ನೀರೇ ದೊಡ್ಡ ಶತ್ರು. ಕಾಂಬೋಡಿಯಾದ ಆಂಕೋರ್ ವಾಟ್ ದೇವಾಲಯದ ಹೊರ ಆವರಣದಲ್ಲಿ ಒಳಬದಿಗೆ ಕೆತ್ತನೆಯ ಗೋಡೆ, ಹೊರಬದಿಗೆ ಚೌಕ ಕಂಬಗಳು. ಕಲ್ಲುಗಳನ್ನು ಒಂದರ ಮೇಲೊಂದು ಮುಂದಕ್ಕೆ ಚಾಚುತ್ತ ಕಟ್ಟಿದ ಚಾವಣಿ ಹೆಚ್ಚು ಅಗಲಕ್ಕೆ ಹೋಗಲಾರದು, ಅದಕ್ಕೇ ಪಕ್ಕದಲ್ಲಿ ಅರ್ಧ ಚಾವಣಿಯೊಂದನ್ನು ಒರಗಿಸಿ ಅಗಲ ಹೆಚ್ಚಿಸಿದರು. ಪೂರ್ವದಿಕ್ಕಿನಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರಮಥನದ ಕೆತ್ತನೆಯಿದೆ. ಚಾವಣಿಯ ಕೀಲುಗಳಿಂದ ಇಳಿದ ನೀರು ಲವಣವನ್ನು ಹೊತ್ತು ತಂದು ಕಲ್ಲಿನ ಮೈಯನ್ನು ತಿನ್ನುತ್ತಿತ್ತು. ಚಾವಣಿಯ ಕಲ್ಲುಗಳನ್ನು ಬಿಚ್ಚಿ, ನೀರು ಹರಿದುಹೋಗುವ ದಾರಿ ಸರಿಪಡಿಸಿ ಮತ್ತೆ ಜೋಡಿಸಿದ ಕೆಲಸ 2012ರಲ್ಲಿ ಮುಗಿಯಿತು. ಕೆತ್ತನೆಯನ್ನು ಉಳಿಸಲು ಚಾವಣಿಯನ್ನು ಸರಿಪಡಿಸಿದರು. ತೆರೆದ ಬದಿಯನ್ನು ಮುಚ್ಚಲಿಲ್ಲ.

ತೆರೆದ ಬದಿಗೆ ಗಾಜು ಹಾಕಿಸಬಹುದೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಇಟಲಿಯ ಬೊಲೊನ್ಯಾದಲ್ಲಿ ಇದಕ್ಕೆ ಊರೇ ಉತ್ತರ ಕೊಟ್ಟಿದೆ: ಜಾಗ ಖಾಸಗಿಯವರದು, ದುರಸ್ತಿ ಅವರದೇ, ಆದರೆ ನಡೆಯುವ ಹಕ್ಕು ಎಲ್ಲರದು. 1288ರ ಕಟ್ಟಳೆ ಕೈಸಾಲೆಗಳನ್ನು ಕಡ್ಡಾಯ ಮಾಡಿತು. ಕುದುರೆ ಸವಾರ ಹಾದುಹೋಗುವಷ್ಟು, ಕನಿಷ್ಠ 2.66 ಮೀಟರ್ ಎತ್ತರವನ್ನೂ ಗೊತ್ತುಮಾಡಿದ್ದರು. ಇಂದು ಅವುಗಳ ಒಟ್ಟು ಉದ್ದ 62 ಕಿಲೋಮೀಟರ್, ಆಯ್ದ ಕೆಲವು 2021ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಎಲ್ಲೆಡೆ ಇಷ್ಟು ಖಡಾಖಂಡಿತವಾಗಿ ಹೇಳಲಾಗದು. ವ್ಯಾಟಿಕನ್‌ನಲ್ಲಿ ರಾಫೇಲ್ ಮತ್ತು ಅವನ ಶಿಷ್ಯರು ಚಿತ್ರ ಬರೆದ ಕೈಸಾಲೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಗಾಜು ಹಾಕಿದರು. ಇಲ್ಲದಿದ್ದರೆ ಬಣ್ಣ ಇನ್ನಷ್ಟು ಹಾಳಾಗುತ್ತಿತ್ತು, ಆ ನಿರ್ಧಾರ ಸರಿ. ಆದರೆ ಬರಿಯ ಕಂಬ, ಬರಿಯ ನೆಲ ಇರುವಲ್ಲಿ ಗಾಜು ಹಾಕಿದರೆ ಒಳಗೆ ಕಾವು ನಿಲ್ಲುತ್ತದೆ, ತೇವ ಹೊರಹೋಗುವುದಿಲ್ಲ, ಮರದ ತೊಲೆಯ ತುದಿಗಳು ಗೋಡೆಯೊಳಗೇ ಕೊಳೆಯುತ್ತವೆ. ಹಾಕಲೇಬೇಕಾದಾಗ ನಾನು ಚೌಕಟ್ಟನ್ನು ಕಂಬಗಳ ಹಿಂದೆ, ಒಂದು ಮೊಳ ಒಳಗೆ ನಿಲ್ಲಿಸುತ್ತೇನೆ. ಕಂಬಕ್ಕಾಗಲಿ ತೊಲೆಗಾಗಲಿ ಒಂದು ತೂತನ್ನೂ ಕೊರೆಯಲು ಬಿಡುವುದಿಲ್ಲ, ಮೇಲ್ತುದಿಯಲ್ಲಿ ಗಾಳಿಯಾಡಲು ಉದ್ದಕ್ಕೂ ಸಂದು ಬಿಡಿಸುತ್ತೇನೆ. ಅದಕ್ಕೂ ಮೊದಲು ಚಾವಣಿಯ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಒಂದು ಮಳೆಗಾಲ ಪೂರ್ತಿ ನೋಡಿಯೇ ನಕ್ಷೆಗೆ ಕೂರುತ್ತೇನೆ.