ಆ ನೀಲಿ ಯಾವ ನೀಲಿ?

ಕಮೊಡೋರ್ 64 ಕಂಪ್ಯೂಟರಿನ ಸ್ವಿಚ್ ಒತ್ತಿದೊಡನೆ ಪರದೆ ತುಂಬುತ್ತಿದ್ದ ನೀಲಿ ಕಡುನೀಲಿಯೇ, ನೇರಳೆ ಬೆರೆತದ್ದೇ? ಸೂಪರ್ ಮಾರಿಯೋ ಬ್ರದರ್ಸ್ ಆಟದ ಆಕಾಶ ಎಷ್ಟು ತಿಳಿ? ಹಳೆಯ ಯಂತ್ರಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶಗಳಿಗೆ ಎಮ್ಯುಲೇಟರ್ ಎಂದು ಹೆಸರು. ಎಮ್ಯುಲೇಟರಿಗೊಂದು ಉತ್ತರ ಸಿಗುತ್ತದೆ, ಪ್ರತಿ ಉತ್ತರಕ್ಕೂ ಪಟ್ಟು ಬಿಡದ ಅಭಿಮಾನಿಗಳಿದ್ದಾರೆ. ವಾದ ಇಷ್ಟು ಕಗ್ಗಂಟಾದದ್ದು ಹೇಗೆಂದು ತಿಳಿಯಲು, ಆ ಬಣ್ಣಗಳು ಪರದೆಗೆ ಬಂದ ಬಗೆಯನ್ನು ನೋಡಬೇಕು.

ಮೊದಲು ಎಲ್ಲವೂ ಕಪ್ಪು. ಪಿಕ್ಚರ್ ಟ್ಯೂಬಿನಲ್ಲಿ ಕಪ್ಪೆಂದರೆ ಎಲೆಕ್ಟ್ರಾನ್ ಕಿರಣ ಬೀಳದ ಜಾಗ, ಅದಕ್ಕೆ ಯಾವ ಶ್ರಮವೂ ಬೇಡ. 1977ರ ಆಪಲ್ 2, ಟಿಆರ್‌ಎಸ್-80 ಕಂಪ್ಯೂಟರುಗಳೆರಡೂ ಕಪ್ಪಿನ ಮೇಲೆ ಬೆಳಕಿನ ಅಕ್ಷರ ಮೂಡಿಸಿದವು. 1978ರ ಸ್ಪೇಸ್ ಇನ್‌ವೇಡರ್ಸ್ ಆಟ ಕಪ್ಪುಬಿಳುಪು ಚಿತ್ರದ ಮೇಲೆ ಬಣ್ಣದ ಪಾರದರ್ಶಕ ಹಾಳೆ ಹೊದಿಸಿ ಕೆಲಸ ಸಾಗಿಸಿತು.

ಮನೆಯ ಬಣ್ಣದ ಟಿವಿಗೇ ಕಂಪ್ಯೂಟರ್ ಜೋಡಿಸುವ ಕಾಲ ಬಂದಾಗ ಕಥೆ ರಂಗೇರಿತು. 1979ರ ಅಟಾರಿ 800ರ ಪರದೆ ನೀಲಿ, ಅಕ್ಷರ ತಿಳಿನೀಲಿ. ಅದರ ಸಾಮಾನ್ಯ ಅಕ್ಷರ ವಿಧಾನದಲ್ಲಿ ಅಕ್ಷರಕ್ಕೆ ಸ್ವಂತ ವರ್ಣವೇ ಇರಲಿಲ್ಲ. ಹಿನ್ನೆಲೆಯ ವರ್ಣದಲ್ಲೇ ಪ್ರಕಾಶವನ್ನಷ್ಟೇ ಹೆಚ್ಚುಕಡಿಮೆ ಮಾಡಬಹುದಿತ್ತು. ಸುಮಾರು ಒಂಬತ್ತು ನಿಮಿಷ ಯಾರೂ ಕೀಲಿ ಮುಟ್ಟದಿದ್ದರೆ ಟ್ಯೂಬಿನಲ್ಲಿ ಕಲೆ ಉಳಿಯದಂತೆ ಬಣ್ಣಗಳು ತಾವೇ ಬದಲಾಗತೊಡಗುತ್ತಿದ್ದವು. ಟಿಆರ್‌ಎಸ್-80 ಕಲರ್ ಕಂಪ್ಯೂಟರ್ (1980) ಮತ್ತು ಡ್ರ್ಯಾಗನ್ 32 (1982) ಒಂದೇ ಹಸಿರನ್ನು ಹೊದ್ದಿದ್ದವು. ಎರಡರಲ್ಲೂ ಇದ್ದ ಮೊಟೊರೋಲಾದ 6847 ಚಿಪ್ ಅಕ್ಷರಗಳಿಗೆ ಕೊಡುತ್ತಿದ್ದದ್ದು ಹಸಿರು, ಇಲ್ಲವೇ ಕಿತ್ತಳೆ. ಇದನ್ನು ಅಭಿರುಚಿ ಎಂದು ಕರೆಯುವುದು ಕಷ್ಟ. ಚಿಪ್ ಕೊಂಡವರಿಗೆ ಬಣ್ಣವೂ ಜೊತೆಗೆ ಬಂದಿತ್ತು. ಝಡ್‌ಎಕ್ಸ್ ಸ್ಪೆಕ್ಟ್ರಮ್ ಮಾತ್ರ ಬಿಳಿ ಹಿನ್ನೆಲೆಯ ಮೇಲೆ ಕಪ್ಪಕ್ಷರ ಮೂಡಿಸಿತು. ಅದರ ಬೇಸಿಕ್ ಭಾಷೆಯಲ್ಲಿ ಬಣ್ಣ ಬದಲಿಸುವ ಆದೇಶಗಳ ಹೆಸರೇ ‘ಪೇಪರ್’, ‘ಇಂಕ್’.

ಕಮೊಡೋರ್ 64 (1982) ಹದಿನಾರು ಬಣ್ಣ ಬಲ್ಲದು. ಹಿನ್ನೆಲೆಗೆ 6ನೆಯ ಬಣ್ಣವಾದ ನೀಲಿ, ಅಕ್ಷರಕ್ಕೂ ಸುತ್ತಲ ಅಂಚಿಗೂ 14ನೆಯದಾದ ತಿಳಿನೀಲಿ. ಅಂಚು ಅಲಂಕಾರಕ್ಕಾಗಿ ಇದ್ದುದಲ್ಲ: ಟಿವಿಯ ಚೌಕಟ್ಟು ಚಿತ್ರದ ಬದಿಗಳನ್ನು ನುಂಗುತ್ತಿದ್ದುದರಿಂದ ಅಕ್ಷರಗಳನ್ನು ಒಳಗೆ ತಳ್ಳಬೇಕಿತ್ತು. 53280, 53281 ಎಂಬ ಎರಡು ಮೆಮೊರಿ ವಿಳಾಸಗಳಿಗೆ ಸೊನ್ನೆ ಬರೆದರೆ ಅಂಚೂ ಹಿನ್ನೆಲೆಯೂ ಕಪ್ಪಾಗುತ್ತಿದ್ದವು. ಆ ಸಂಖ್ಯೆಗಳು ಇಂದಿಗೂ ಹಲವರಿಗೆ ಬಾಯಿಪಾಠ.

ಕಗ್ಗಂಟು ಬಿಗಿದದ್ದೂ ಇಲ್ಲೇ. ಈ ಯಂತ್ರದ ವಿಐಸಿ-2 ಚಿಪ್ ಕೆಂಪು, ಹಸಿರು, ನೀಲಿಗಳ ಅಳತೆಯನ್ನು ಹೊರಗೆ ಕೊಡುವುದೇ ಇಲ್ಲ. ಪ್ರಕಾಶ ಮತ್ತು ವರ್ಣದ ಸಂಕೇತಗಳನ್ನು ಕೊಡುತ್ತದೆ. ಮೊದಲ ಆವೃತ್ತಿಯ ಚಿಪ್‌ಗಳಲ್ಲಿ ಪ್ರಕಾಶಕ್ಕೆ ಐದೇ ಮೆಟ್ಟಿಲು, ನಂತರದವುಗಳಲ್ಲಿ ಒಂಬತ್ತು. ಅಮೆರಿಕದ ಎನ್‌ಟಿಎಸ್‌ಸಿ ಎಂಬ ಪ್ರಸಾರ ಪದ್ಧತಿಯ ಟಿವಿಗಳಲ್ಲಿ ವರ್ಣವನ್ನೇ ತಿರುಗಿಸುವ ಗುಂಡಿ ಬೇರೆ. ಒಂದೇ ಬೀದಿಯ ಎರಡು ಮನೆಗಳಲ್ಲಿ 6ನೆಯ ಬಣ್ಣ ಎರಡು ಬಗೆಯಾಗಿ ಕಂಡಿದ್ದರೆ ಎರಡೂ ಅಸಲಿಯೇ. ಈ ಸರಳ ಸಂಗತಿ ವಾದದ ಬಿಸಿಯಲ್ಲಿ ಮೊದಲು ಕಳೆದುಹೋಗುತ್ತದೆ.

ಮಾರಿಯೋ ಆಟ ಓಡುತ್ತಿದ್ದ ನಿಂಟೆಂಡೊ ಯಂತ್ರದ್ದೂ ಇದೇ ಪಾಡು. ಅದರ ಚಿಪ್ ಟಿವಿ ಸಂಕೇತವನ್ನು ನೇರವಾಗಿ ತಯಾರಿಸುತ್ತಿತ್ತು, ಹೀಗಾಗಿ ಮಾರಿಯೋನ ಆಕಾಶಕ್ಕೆ ನಿಶ್ಚಿತ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಅಂಕಿಯಿಲ್ಲ. ಅದೇ ಕಂಪನಿಯ, ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿದ್ದ ಆರ್‌ಜಿಬಿ ಚಿಪ್‌ನ ಬಣ್ಣಗಳು ಮನೆಯ ಯಂತ್ರದ್ದಕ್ಕೆ ಹೊಂದುವುದಿಲ್ಲ. ಆದರೆ ಎಮ್ಯುಲೇಟರಿಗೆ ಬೇಕಾದದ್ದು ಪ್ರತಿ ಬಣ್ಣಕ್ಕೆ ಮೂರು ಅಂಕಿ. ಕೆಲವರು ಚಿಪ್‌ನ ವೋಲ್ಟೇಜ್ ಅಳೆದರು, ಕೆಲವರು ಸೂತ್ರದಿಂದ ಲೆಕ್ಕ ಹಾಕಿದರು, ಇನ್ನು ಕೆಲವರು ತಮ್ಮ ಟಿವಿಯನ್ನು ನೋಡಿ ಕಣ್ಣಳತೆಯಲ್ಲಿ ಹೊಂದಿಸಿದರು. ಮೂವರದ್ದೂ ಪ್ರಾಮಾಣಿಕ ಕೆಲಸ, ಮೂವರ ಫಲಿತಾಂಶವೂ ಬೇರೆ.

ಮುಂದೆ ಮಾನಿಟರುಗಳು ಸುಧಾರಿಸಿದವು. 1985ರ ಅಮಿಗಾ ಕಂಪ್ಯೂಟರ್ ಕೆಟ್ಟ ಟಿವಿಯಲ್ಲೂ ಓದಲು ಬರಲೆಂದು ನೀಲಿ, ಬಿಳಿ, ಕಪ್ಪು, ಕಿತ್ತಳೆಗಳನ್ನು ಒಟ್ಟಿಗೆ ತಂದಿತ್ತು, ಅದರ ಕಾರ್ಯಾಚರಣಾ ವ್ಯವಸ್ಥೆಯ 2.0 ಆವೃತ್ತಿ ಬೂದು ಬಣ್ಣಕ್ಕೆ ಇಳಿಯಿತು. ವಿಂಡೋಸ್ 95ರ ಹಿನ್ನೆಲೆಯ ಹಸಿರುನೀಲಿಗೆ 0, 128, 128 ಎಂಬ ಅಂಕಿಗಳೇ ಇವೆ, ಅದರ ಬಗ್ಗೆ ಜಗಳವೂ ಇಲ್ಲ.

ಈಚಿನ ಕೆಲವು ಎಮ್ಯುಲೇಟರುಗಳು ಸಿದ್ಧ ಪಟ್ಟಿಯನ್ನು ಬಿಟ್ಟು ಟಿವಿ ಸಂಕೇತವನ್ನೇ ಅನುಕರಿಸುತ್ತವೆ; ವರ್ಣ, ಪ್ರಕಾಶ, ಗಾಢತೆಗಳನ್ನು ಬಳಕೆದಾರರೇ ತಿರುಗಿಸಿಕೊಳ್ಳಬಹುದು. ಆ ಹೊಂದಾಣಿಕೆಗಳು ಮೊದಲ ಸಲ ತೆರೆದಾಗ ಎಲ್ಲಿ ನಿಂತಿರಬೇಕು ಎಂಬುದರ ಮೇಲೆ ಈಗ ಚರ್ಚೆ ನಡೆದಿದೆ.