ಪದಗಳೆಲ್ಲ ಗೊತ್ತು, ಇಂಗ್ಲಿಷ್ ವಾಕ್ಯ ಮಾತ್ರ ಯಾಕೆ ಕೂರಲ್ಲ?

ಪ್ರಶ್ನೆ: ಇಂಗ್ಲಿಷ್ ಓದಿದರೆ ಹೆಚ್ಚುಕಮ್ಮಿ ಅರ್ಥವಾಗುತ್ತದೆ. ಆದರೆ ನಾನೇ ಒಂದು ವಾಕ್ಯ ಬರೆಯಲು ಹೋದರೆ ಎಲ್ಲೋ ಎಡವುತ್ತೇನೆ. ಗ್ರಾಮರ್ ಪುಸ್ತಕವನ್ನು ಮೊದಲಿಂದ ಓದಬೇಕಾ?

ಈಗಲೇ ಬೇಡ. ಹನ್ನೆರಡು ಟೆನ್ಸ್‌ಗಳ ಪಟ್ಟಿ ಬಾಯಿಪಾಠ ಮಾಡಿಯೂ ಒಂದು ಸಾಲು ಬರೆಯುವಾಗ ತಡವರಿಸಿದವರಲ್ಲಿ ನಾನೂ ಒಬ್ಬ. ತೊಡಕು ಇರುವುದು ಬೇರೆ ಕಡೆ. ಯಾರು ಯಾರಿಗೆ ಏನು ಮಾಡಿದರು ಅನ್ನೋದನ್ನು ಕನ್ನಡದಲ್ಲಿ ಪದದ ಬಾಲ ಹೇಳುತ್ತದೆ, ಇಂಗ್ಲಿಷ್‌ನಲ್ಲಿ ಪದ ನಿಂತ ಜಾಗ ಹೇಳುತ್ತದೆ.

'ನಾಯಿ ಬೆಕ್ಕನ್ನು ಕಚ್ಚಿತು' ಅನ್ನಿ, 'ಬೆಕ್ಕನ್ನು ನಾಯಿ ಕಚ್ಚಿತು' ಅನ್ನಿ, ಗಾಯ ಆಗಿದ್ದು ಬೆಕ್ಕಿಗೇ. 'ಅನ್ನು' ಅಂಟಿಕೊಂಡಿರುವ ತನಕ ಬೆಕ್ಕು ಎಲ್ಲಿ ನಿಂತರೂ ಚಿಂತೆಯಿಲ್ಲ. ಈಗ 'ದ ಡಾಗ್ ಬಿಟ್ ದ ಕ್ಯಾಟ್' ಅನ್ನೋದನ್ನು ತಿರುಗಿಸಿ: 'ದ ಕ್ಯಾಟ್ ಬಿಟ್ ದ ಡಾಗ್'. ಪದಗಳು ಅವೇ, ಆದರೆ ಈ ಸಲ ಕಚ್ಚಿಸಿಕೊಂಡಿದ್ದು ನಾಯಿ! ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ಗೂ ನಮ್ಮ ಹಾಗೆ ವಿಭಕ್ತಿಗಳಿದ್ದವು. ಅವು ಸವೆದು ಸವೆದು ಈಗ ಹೀ–ಹಿಮ್, ದೇ–ದೆಮ್ ತರಹದ ಕೆಲವು ಜೋಡಿಗಳು, ಜೊತೆಗೆ ಒಂದು ಆಪಾಸ್ಟ್ರಫಿ ಎಸ್, ಇಷ್ಟೇ ಉಳಿದಿವೆ. ಬಾಲ ಹೋದ ಮೇಲೆ ಜಾಗವೇ ಗತಿ. ಅದಕ್ಕೇ ಮೊದಲು ಮಾಡಿದವರು, ಆಮೇಲೆ ಕ್ರಿಯಾಪದ, ಆಮೇಲೆ ಉಳಿದದ್ದು ಅನ್ನುವ ಹಟ.

ಆ ಮೊದಲ ಎರಡು ಜಾಗ ಖಾಲಿ ಬಿಡುವ ಹಾಗೂ ಇಲ್ಲ. ನಮ್ಮ 'ಬಂದಳು' ಒಂದೇ ಪದದಲ್ಲಿ ಬಂದವಳು ಹೆಣ್ಣು ಅಂತಲೂ ಗೊತ್ತಾಗುತ್ತದೆ, ಬರೀ 'ಕೇಮ್' ಅಂದರೆ ಯಾರು ಬಂದದ್ದು? 'ಇಟ್ ಈಸ್ ರೇನಿಂಗ್' ಅನ್ನೋದರಲ್ಲಿ ಆ 'ಇಟ್' ಯಾರು ಅಂತ ತಲೆ ಕೆಡಿಸಿಕೊಳ್ಳಬೇಡಿ, ಸುಮ್ನೆ ಕುರ್ಚಿ ತುಂಬಲು ಕೂರಿಸಿದ್ದು. ಹಾಗೇ 'ಇವಳು ನನ್ನ ತಂಗಿ' ಅನ್ನೋದರಲ್ಲಿ ಕ್ರಿಯಾಪದವೇ ಇಲ್ಲ, ನಮಗೆ ಬೇಕಾಗಿಯೂ ಇಲ್ಲ. ಇಂಗ್ಲಿಷ್‌ಗೆ ಅಲ್ಲೊಂದು 'ಈಸ್' ಬೇಕೇ ಬೇಕು.

ಜಾಸ್ತಿ ಜನ ಎಡವುವುದು 'ಡಿಡ್' ಹತ್ತಿರ. 'ಶೀ ಡಿಡ್ ನಾಟ್ ಕೇಮ್' ಅಂತ ಬರೆದುಬಿಡುತ್ತೇವೆ, ನಡೆದದ್ದು ನಿನ್ನೆ ಅಲ್ವಾ, 'ಕಮ್' ಹೇಗೆ ಸರಿ ಅಂತ ಅನುಮಾನ. ಈ ಅನುಮಾನಕ್ಕೆ ಉತ್ತರ ನಮ್ಮ ನಾಲಿಗೆಯಲ್ಲೇ ಇದೆ. 'ಬಂದಳು' ಅನ್ನೋದಕ್ಕೆ ಇಲ್ಲ ಸೇರಿಸಿದರೆ 'ಬಂದಳಿಲ್ಲ' ಅನ್ನುತ್ತೇವಾ? ಇಲ್ಲ, 'ಬರಲಿಲ್ಲ' ಅನ್ನುತ್ತೇವೆ. ಬರಲು, ಇಲ್ಲ. 'ಇಲ್ಲ' ಬಂದ ಕೂಡಲೇ ಕ್ರಿಯಾಪದ ತನ್ನ 'ಬಂದ'ವನ್ನೂ ಕಳಚಿತು, 'ಅಳು'ವನ್ನೂ ಕಳಚಿತು. 'ಡಿಡ್ ನಾಟ್ ಕಮ್' ಕೂಡ ಇದೇ ಆಟ: ಹಿಂದಿನ ಕಾಲದ ಗುರುತನ್ನು 'ಡಿಡ್' ಹೊತ್ತುಕೊಂಡಿದೆ, 'ಕಮ್' ಬರಿಮೈಯಲ್ಲಿ ನಿಂತಿದೆ. ಪ್ರಶ್ನೆಯಲ್ಲೂ ಅಷ್ಟೇ, 'ಡಿಡ್ ಶೀ ಕಮ್?'. ನಾವು 'ಬಂದಳಾ?' ಅಂತ ಕೊನೆಗೆ ರಾಗ ಎಳೆದು ಮುಗಿಸುವ ಕೆಲಸಕ್ಕೆ ಅವರು ವಾಕ್ಯದ ಮುಂದೆ ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತಾರೆ.

ಎ, ಆ್ಯನ್, ದ ಸದ್ಯಕ್ಕೆ ಪಕ್ಕಕ್ಕಿಡಿ. ಅವು ತಪ್ಪಿದರೂ ಸಾಮಾನ್ಯವಾಗಿ ಮಾತು ಅರ್ಥವಾಗುತ್ತದೆ.

ಇನ್ನು ಉದ್ದ ವಾಕ್ಯಗಳು. 'ದ ಬುಕ್ ಆನ್ ದ ಟೇಬಲ್ ಇನ್ ದ ರೂಮ್' ಅನ್ನೋದನ್ನು ಕನ್ನಡಕ್ಕೆ ತನ್ನಿ: ಕೋಣೆಯೊಳಗಿನ ಮೇಜಿನ ಮೇಲಿನ ಪುಸ್ತಕ. ಬಾಲದಿಂದ ತಲೆಗೆ ಬಂದಿರಿ, ಗಮನಿಸಿದಿರಾ? ಕನ್ನಡಿಯಲ್ಲಿ ನೋಡಿದ ಹಾಗೆ. ಬರೆಯುವಾಗಲೂ ಇದು ಕೈ ಹಿಡಿಯುತ್ತದೆ. 'ನಾನು ನಿನ್ನೆ ಅವನಿಗೆ ಒಂದು ಪತ್ರ ಬರೆದೆ' ಅಂತ ಮನಸ್ಸಿನಲ್ಲಿ ಬಂದರೆ, 'ನಾನು' ಇದ್ದಲ್ಲೇ ಇರಲಿ, ಉಳಿದದ್ದನ್ನು ಕೊನೆಯಿಂದ ಎತ್ತಿಕೊಳ್ಳುತ್ತಾ ಬನ್ನಿ, ಬರೆದೆ, ಪತ್ರ, ಅವನಿಗೆ, ನಿನ್ನೆ: ಐ ರೋಟ್ ಎ ಲೆಟರ್ ಟು ಹಿಮ್ ಯೆಸ್ಟರ್‌ಡೇ. ಎಲ್ಲ ವಾಕ್ಯವೂ ಇಷ್ಟು ನೀಟಾಗಿ ಮಗುಚಿಕೊಳ್ಳುವುದಿಲ್ಲ. ಆದರೆ ಕೊನೆಯ ಕ್ರಿಯಾಪದವನ್ನು ಎತ್ತಿ 'ಐ' ಪಕ್ಕ ಇಟ್ಟುಬಿಟ್ಟರೆ ಅರ್ಧ ಕೆಲಸ ಆದ ಹಾಗೆ.